ಬಚ್ಚಲ ನೀರು

ಬಚ್ಚಲ ನೀರು ಬೀದಿಗೆ ಹರಿಯದಂತೆ ಊರಿನ ಮನೆಮನೆಯ ಹಿತ್ತಲಲ್ಲೂ ಇಂಗುಗುಂಡಿ ಆಗಿತ್ತು, ದ್ಯಾವಜ್ಜನ ಮನೆಯೊಂದನ್ನು ಬಿಟ್ಟು. "ಹಿತ್ತಲು ಕೆಡಿಸಲ್ಲ" ಎಂದು ಅಜ್ಜ ಹಟ ಹಿಡಿದಿದ್ದ. ಕೇರಿಯವರ ಬೈಗುಳವೆಲ್ಲ ಅಜ್ಜಿಯ ಪಾಲಿಗೆ ಬರುತ್ತಿತ್ತು. ಅವತ್ತು ಬೆಳಗಾಗುತ್ತಲೇ ಅಜ್ಜನೇ ಪಂಚಾಯ್ತಿ ಮೆಂಬರು ಸಾಕಮ್ಮನ ಬಾಗಿಲಿಗೆ ಬಂದ.

"ಆಳು ಕಳಿಸವ್ವಾ, ಈಗಲೇ ಗುಂಡಿ ತೋಡಬೇಕು."

ಸಾಕಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಂತೂ ಅಜ್ಜಿ ನಿನ್ನ ಮಣಿಸಿಬಿಟ್ಟಳು ಅನ್ನು! ನಾಳೆ ಜಲ್ಲಿಕಲ್ಲು ಬರುತ್ತೆ, ತೋಡಿಸ್ತೀನಿ."

"ಕಲ್ಲು ಆಮೇಲೆ ಹಾಕಿಸವ್ವಾ. ಹಂಡೇಲಿ ನೀರು ಕಾದಿದೆ."

"ಒಂದು ಸ್ನಾನದ ನೀರಿಗೆ ಇಷ್ಟು ಅವಸರ ಯಾಕಜ್ಜ? ಇಷ್ಟು ವರ್ಷ ಬೈಸಿಕೊಂಡಿದ್ದಾಳೆ, ಇವತ್ತೊಂದಿನ ಬೈಸಿಕೊಳ್ಳಲಿ ಬಿಡು."

ಅಜ್ಜ ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. "ರಾತ್ರಿ ಹೋಗಿಬಿಟ್ಟಳು ಕಣವ್ವಾ. ಕೊನೇ ಸ್ನಾನದ ನೀರಿಗಾದರೂ ಅವಳನ್ನ ಯಾರೂ ಬೈಬಾರದು."