ಬಿಟ್ಟ ಸಾಲು

“ಮೈಟೊಕಾಂಡ್ರಿಯಕ್ಕೆ ಎರಡು ಪೊರೆ. ಹೊರಗಿನದು ನುಣುಪು, ಒಳಗಿನದು ಮಡಿಕೆ ಮಡಿಕೆ. ಅದಕ್ಕೆ ತನ್ನದೇ ಡಿಎನ್‌ಎ ಇರುತ್ತೆ. ಜೀವಕೋಶಕ್ಕೆ ಬೇಕಾದ ಶಕ್ತಿ ಅಲ್ಲೇ ತಯಾರಾಗುತ್ತೆ,” ಎಂದು ಮಗಳು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದಳು. ನಾಳೆ ಜೀವಶಾಸ್ತ್ರದ ಪರೀಕ್ಷೆ. ಅಮ್ಮ ನೋಟ್ಸನ್ನು ಮಡಿಲಲ್ಲಿಟ್ಟುಕೊಂಡು ಸಾಲಿನಿಂದ ಸಾಲಿಗೆ ಬೆರಳು ಸರಿಸುತ್ತಿದ್ದಳು. ಅರ್ಥದ ಗೊಡವೆ ಅವಳಿಗೆ ಬೇಕಿರಲಿಲ್ಲ. ಒಂದಕ್ಷರ ತಪ್ಪಿದರೂ ಬಿಡುತ್ತಿರಲಿಲ್ಲ.

“ನಿಲ್ಲು. ಡಿಎನ್‌ಎ ಆದ್ಮೇಲೆ ಒಂದು ಸಾಲು ಹಾರಿಸಿದೆ.”

“ಅದು ಪರೀಕ್ಷೆಗೆ ಬರಲ್ಲಮ್ಮ.” ಮಗಳು ಕಣ್ಣು ತೆರೆಯಲಿಲ್ಲ.

ಪಕ್ಕದ ಕೋಣೆಯಲ್ಲಿ ಅಪ್ಪ ಹದಿನಾರು ವರ್ಷದ ಮಗನಿಗೆ ಚಮಚದಲ್ಲಿ ಊಟ ಮಾಡಿಸುತ್ತಿದ್ದ. ಹುಡುಗನ ಕತ್ತು ಈಗ ತಾನಾಗಿ ನಿಲ್ಲುತ್ತಿರಲಿಲ್ಲ. ಆರು ವರ್ಷದ ಹಿಂದೆ ಡಾಕ್ಟರ ಮಾತು ಕೇಳಿಕೊಂಡು ಬಂದವನು ಅಪ್ಪನೊಬ್ಬನೇ. “ಮೈಟೊಕಾಂಡ್ರಿಯದ ಡಿಎನ್‌ಎ ಕೆಟ್ಟಿದೆಯಂತೆ, ಮದ್ದಿಲ್ಲವಂತೆ,” ಎಂದಷ್ಟೇ ಮನೆಯಲ್ಲಿ ಹೇಳಿದ್ದ. ಅಂದಿನಿಂದ ಅಮ್ಮ, “ನಿಮ್ಮ ವಂಶದ ಪೀಡೆ ನನ್ನ ಮಗನಿಗೆ ಅಂಟಿತು,” ಎಂದು ಹಂಗಿಸದ ದಿನವಿಲ್ಲ. ಅವನು ತುಟಿಪಿಟಕ್ಕೆಂದವನಲ್ಲ.

“ಆ ಸಾಲು ಬಿಟ್ಬಿಡು,” ಎಂದ ಅಪ್ಪ, ಗೋಡೆಯಾಚೆಯಿಂದ. “ಮುಂದಿನದು ಕೇಳು.”

“ಯಾವ ಸಾಲು ಅಂತ ಅಲ್ಲಿ ಕೂತು ನಿಮಗೇನು ಗೊತ್ತು?” ಎನ್ನುತ್ತಲೇ ಅಮ್ಮ ಬೆರಳೆತ್ತಿ, ಎಂದಿನ ಗಟ್ಟಿ ದನಿಯಲ್ಲಿ ಓದತೊಡಗಿದಳು: “ಈ ಡಿಎನ್‌ಎ ಮಕ್ಕಳಿಗೆ ಬರುವುದು…”

‘ತಾಯಿಯಿಂದ ಮಾತ್ರ’ ಎಂಬ ಮುಂದಿನ ಎರಡು ಪದಗಳನ್ನು ಅವಳು ಎತ್ತಿದ್ದ ಬೆರಳಿನಿಂದಲೇ ಮುಚ್ಚಿದಳು.