ಆಷಾಢ ಕಳೀಲಿ

ಹೆರಿಗೆ ರಜೆ ಮುಗಿಸಿ ಗಾರ್ಮೆಂಟ್ಸಿಗೆ ಬಂದ ಚಂದ್ರಿಕಾಳನ್ನು ಹೊಲಿಗೆ ಮೆಷಿನ್ನಿನಿಂದ ಎಬ್ಬಿಸಿ, ಕಡಿಮೆ ಸಂಬಳಕ್ಕೆ ದಾರ ಕತ್ತರಿಸಲು ಕೂರಿಸಿದರು. ಅವಳು ದೂರು ಸಮಿತಿಯಲ್ಲಿದ್ದ ಸರ್ವಮಂಗಳಕ್ಕನ ಬಳಿ ಹೋದಳು.

"ಆಷಾಢ ಕಳೀಲಿ, ತಡಿ. ಈಗ ಕೈ ಹಾಕಿದ್ದು ಕೈಗೂಡಲ್ಲ ಕಣೇ," ಎಂದರು ಅಕ್ಕ.

ಶ್ರಾವಣ ಬಂತು. "ಹಬ್ಬದ ದಿನಗಳಲ್ಲಿ ಜಗಳ ಯಾಕೆ?"

ಆಮೇಲೆ ಪಿತೃಪಕ್ಷ. "ಅಯ್ಯೋ, ಈಗಂತೂ ಬೇಡ."

ಪಕ್ಷ ಕಳೆದ ಮರುದಿನವೇ ಚಂದ್ರಿಕಾ ಅರ್ಜಿ ಹಿಡಿದು ಬಂದಳು. ಅಕ್ಕ ಅದನ್ನು ಮುಟ್ಟಲೇ ಇಲ್ಲ.

"ದೂರು ಕೊಡೋಕಿದ್ದ ಮೂರು ತಿಂಗಳ ಗಡುವು ದಾಟೋಯ್ತಲ್ಲೇ. ಇನ್ನು ಯಾರೂ ತಗೊಳಲ್ಲ."

ಚಂದ್ರಿಕಾ ಕಣ್ಣೊರೆಸಿಕೊಂಡಳು. ಅಕ್ಕನ ಕೊರಳಲ್ಲಿ ಮ್ಯಾನೇಜರ್ ಎಂಬ ಹೊಸ ಬ್ಯಾಡ್ಜು ತೂಗುತ್ತಿತ್ತು.

"ಬಡ್ತಿ ಯಾವಾಗ ಆಯ್ತಕ್ಕಾ?"

"ಹೋದ ವಾರ ಕಣೇ, ಪಿತೃಪಕ್ಷದಲ್ಲೇ. ಬರೋ ಭಾಗ್ಯಕ್ಕೆ ದಿನ ನೋಡ್ತಾ ಕೂತ್ಕೊಳೋಕಾಗುತ್ತಾ?"