ಹರಿಗೋಲಿನವಳ ಹೆಸರು

"ನಿನ್ನ ಮುತ್ತಜ್ಜಿ ಹುಟ್ಟು ಹಾಕೋದು ಇನ್ನೂ ಕಣ್ಣಿಗೆ ಕಟ್ಟಿದಂಗ ಐತಿ, ಯವ್ವಾ. ಹೆಸರು ಮಾತ್ರ ನೆಪ್ಪಿಗೆ ಬರವಲ್ದು," ಎಂದರು ಮರಿಬಸಪ್ಪಜ್ಜ, ತುಂಗಭದ್ರೆಯ ದಂಡೆಯ ಕಲ್ಲಿನ ಮೇಲೆ ಕೂತು.

ನಾಗಲಕ್ಷ್ಮಿ ತಲೆಯಾಡಿಸಿದಳು. ಸಿರುಗುಪ್ಪದ ಈ ದಂಡೆಯಿಂದ ಜನರನ್ನು ಹರಿಗೋಲಿನಲ್ಲಿ ದಾಟಿಸುತ್ತಿದ್ದ ತನ್ನ ಮನೆತನದ ಗಂಡಸರ ಹೆಸರೆಲ್ಲ ಅವಳಿಗೆ ಸಿಕ್ಕಿದ್ದವು. ಮುತ್ತಜ್ಜಿಯ ಹೆಸರು ಮಾತ್ರ ಬಳ್ಳಾರಿಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆಯ ಹರಿಗೋಲಿನಲ್ಲಿ ಶಾಲೆಗೆ ಹೋದವರಲ್ಲಿ ಉಳಿದಿದ್ದವರು ತೊಂಬತ್ತರ ಈ ಅಜ್ಜ ಒಬ್ಬರೇ. ಬೆಳಗಿನ ಮಂಜಿನಲ್ಲಿ ಆಚೆ ದಂಡೆ ಕಾಣುತ್ತಿರಲಿಲ್ಲ.

"ಹರಿಗೋಲು ಆಚಿ ದಂಡಿಗಿದ್ರ ಏನು ಮಾಡ್ತಿದ್ರಿ, ಅಜ್ಜಾ?" ಎಂದು ಸುಮ್ಮನೆ ಕೇಳಿದಳು.

"ಕೂಗ್ತಿದ್ವಿ."

ಹಾಗೆನ್ನುತ್ತಲೇ ಅಜ್ಜ ಎದ್ದು ನಿಂತರು. ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು, ಮಂಜಿನತ್ತ ಮುಖ ಮಾಡಿ, ಎಳೆಯ ದನಿಯಲ್ಲಿ ಕೂಗಿದರು:

"ಹುಲಿಗೆಮ್ಮಕ್ಕಾ... ಸಾಲಿಗೆ ಹೊತ್ತಾತು, ಬಾರಬೇ..."

ಹೆಸರು ನೀರಿನ ಮೇಲೆ ಬಹಳ ದೂರ ಹೋಯಿತು. ಅಜ್ಜ ಕೈ ಇಳಿಸಲಿಲ್ಲ. ನಾಗಲಕ್ಷ್ಮಿ ಅವರ ಪಕ್ಕಕ್ಕೆ ಬಂದು, ಸೀರೆಯ ನಿರಿಗೆಯನ್ನು ತುಸು ಮೇಲೆತ್ತಿ ಹಿಡಿದು, ಹರಿಗೋಲು ಬರಲೆಂದು ಕಾಯುತ್ತ ನಿಂತಳು.